ನರವಿಜ್ಞಾನಿಯ ಪೇಪರ್ ಪಟ್ಟಿ ಓದುವುದು ಹೇಗೆ? ಬಳ್ಳಾರಿ, ಕೊಪ್ಪಳ, ರಾಯಚೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಳ್ಳಾರಿಯವಳು. ಮೆಡಿಕಲ್ ಕಾಲೇಜೊಂದರಲ್ಲಿ ಫಿಸಿಯಾಲಜಿ ಕಲಿಸುತ್ತೇನೆ. ಪಿಎಚ್.ಡಿ. ಮಾಡಿದ್ದು ನರವಿಜ್ಞಾನದಲ್ಲಿ. ಮೆದುಳಿನ ಬಗ್ಗೆ ಕೆಲಸ ಮಾಡುವವರ ಪೇಪರ್, ಸೈಟೇಶನ್, ಎಚ್-ಇಂಡೆಕ್ಸ್ ಬಗ್ಗೆ ವಿದ್ಯಾರ್ಥಿಗಳು, ಅವರ ತಂದೆ ತಾಯಿ, ಶಾಲೆ ಮಾಸ್ತರರು, ರೋಗಿಗಳ ಮನೆಯವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಬಿಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡರೂ ಸಾಕು.

## ಮೊದಲ ಸಲ ಕೇಳುವವರಿಗೆ

“ಅಕ್ಕೋರ, ಅವ್ರದು ಐವತ್ತು ಪೇಪರ್ ಬಂದಾವ ಅಂತಾರ. ಯಾವ ಪೇಪರ್‌ನಾಗ್ರೀ?”

ಕೊಪ್ಪಳದ ಒಬ್ಬ ತಂದೆ ಕೇಳಿದ ಪ್ರಶ್ನೆ ಇದು. ತುಂಬ ಸರಿಯಾದ ಪ್ರಶ್ನೆ. ನಮ್ಮಲ್ಲಿ ಪೇಪರ್ ಅಂದರೆ ಬೆಳಿಗ್ಗೆ ಬರುವ ದಿನಪತ್ರಿಕೆ. ವಿಜ್ಞಾನಿಗಳ ಬಾಯಲ್ಲಿ ಅದರ ಅರ್ಥ ಬೇರೆ. ಒಂದು ಅಧ್ಯಯನ ಮಾಡಿ, ಏನು ಮಾಡಿದೆವು, ಹೇಗೆ ಮಾಡಿದೆವು, ಏನು ಸಿಕ್ಕಿತು ಎಂದು ಲೆಕ್ಕ ಸಮೇತ ಬರೆದ ವರದಿಯೇ ಪೇಪರ್. ಅದು ಜರ್ನಲ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬರುತ್ತದೆ. ಬರುವ ಮೊದಲು ಅದೇ ವಿಷಯ ಗೊತ್ತಿರುವ ಇಬ್ಬರು ಮೂವರು ಬೇರೆ ವಿಜ್ಞಾನಿಗಳು ಓದಿ ತಪ್ಪು ಹುಡುಕುತ್ತಾರೆ. ಇದಕ್ಕೆ ಪೀರ್ ರಿವ್ಯೂ ಅನ್ನುತ್ತಾರೆ. ಅವರಿಗೆ ಸರಿ ಕಾಣದಿದ್ದರೆ ತಿದ್ದಿ ತರಲು ಹೇಳುತ್ತಾರೆ, ಇಲ್ಲವೇ ಬೇಡ ಅನ್ನುತ್ತಾರೆ. ಎಂಟು ಪುಟದ ಒಂದು ಪೇಪರ್ ಹಿಂದೆ ನಾಲ್ಕೈದು ವರ್ಷದ ಕೆಲಸ ಇರುವುದುಂಟು.

“ಸೈಟೇಶನ್ ಅಂದ್ರ ಏನ್ರೀ? ಸರ್ಟಿಫಿಕೇಟ್ ಏನು?”

ಅಲ್ಲ. ನನ್ನ ಪೇಪರ್ ಬರೆಯುವಾಗ ನಿಮ್ಮ ಪೇಪರಿನಿಂದ ಏನಾದರೂ ತೆಗೆದುಕೊಂಡರೆ, ಅಥವಾ ಅದನ್ನು ಒಪ್ಪದೆ ಪ್ರಶ್ನಿಸಿದರೆ, ನಿಮ್ಮ ಹೆಸರು ಹೇಳಬೇಕು. ಆ ಒಂದು ಉಲ್ಲೇಖವೇ ಒಂದು ಸೈಟೇಶನ್.

ನಮ್ಮ ಮನೆಗಳಿಗೆ ಹತ್ತಿರದ ಒಂದು ಉದಾಹರಣೆ ಕೊಡುತ್ತೇನೆ. ಹಂಡೆಯ ಬಿಸಿ ನೀರನ್ನು ತಲೆಗೆ ಸುರಿದುಕೊಂಡಾಗ ಕೆಲವರಿಗೆ ಫಿಟ್ಸ್ ಬರುತ್ತದೆ. ಇದಕ್ಕೆ ಹಾಟ್ ವಾಟರ್ ಎಪಿಲೆಪ್ಸಿ ಎನ್ನುತ್ತಾರೆ. ಜಗತ್ತಿನಲ್ಲಿ ಅಪರೂಪ. ಆದರೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ ಜಾಸ್ತಿ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಅವರ ಜೊತೆಗಾರರು ಇಂಥ 279 ರೋಗಿಗಳನ್ನು ನೋಡಿ 1988ರಲ್ಲಿ ಎಪಿಲೆಪ್ಸಿಯಾ ಎಂಬ ಜರ್ನಲ್‌ನಲ್ಲಿ ಬರೆದರು. ಇವತ್ತು ಟರ್ಕಿಯಲ್ಲೋ ಜಪಾನಿನಲ್ಲೋ ಒಬ್ಬ ವೈದ್ಯೆಗೆ ಇಂಥ ರೋಗಿ ಸಿಕ್ಕರೆ, ಆಕೆ ಬರೆಯುವಾಗ ಈ ಪೇಪರನ್ನು ನೆನೆಯಲೇಬೇಕು. ಹಾಗೆ ನೆನೆದಾಗಲೆಲ್ಲ ಲೆಕ್ಕಕ್ಕೆ ಒಂದು ಸೇರುತ್ತದೆ.

“ಒಬ್ಬ ವಿಜ್ಞಾನಿ ಪೇಪರ್ ಪಟ್ಟಿ ದುಡ್ಡು ಕೊಡದೆ ಎಲ್ಲಿ ನೋಡಬಹುದು?”

ಮೊಬೈಲಿನಲ್ಲೇ ನೋಡಬಹುದು. ಪಬ್‌ಮೆಡ್ ಅಂತ ಹುಡುಕಿ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಅದನ್ನು 1996ರಿಂದ ಎಲ್ಲರಿಗೂ ಪುಕ್ಕಟೆ ಕೊಡುತ್ತಿದೆ. ವೈದ್ಯಕೀಯ ಮತ್ತು ಜೀವವಿಜ್ಞಾನದ ಪೇಪರ್‌ಗಳು ಅಲ್ಲಿವೆ. ಸೈಟೇಶನ್ ಎಣಿಕೆ ಬೇಕಿದ್ದರೆ 2004ರಲ್ಲಿ ಶುರುವಾದ ಗೂಗಲ್ ಸ್ಕಾಲರ್ ನೋಡಿ. ಅದೂ ಪುಕ್ಕಟೆ. ನಮ್ಮ ದೇಶದ ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಇದೆ.

“ಒಬ್ಬರದೇ ಸೈಟೇಶನ್ ಒಂದ್ ಕಡೆ 900, ಇನ್ನೊಂದ್ ಕಡೆ 540. ಯಾವುದು ಸುಳ್ಳು?”

ಎರಡೂ ಸುಳ್ಳಲ್ಲ. ಗೂಗಲ್ ಸ್ಕಾಲರ್ ಪ್ರಬಂಧ, ಪುಸ್ತಕ, ಇನ್ನೂ ಜರ್ನಲ್‌ಗೆ ಹೋಗದ ಕರಡು, ಎಲ್ಲವನ್ನೂ ಎಣಿಸುತ್ತದೆ. ಸೈಟೇಶನ್ ಎಣಿಸುವ ಬೇರೆ ಎರಡು ಪಟ್ಟಿಗಳಾದ ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ತಾವು ಆರಿಸಿದ ಜರ್ನಲ್‌ಗಳು, ಪುಸ್ತಕಗಳನ್ನಷ್ಟೇ ಎಣಿಸುತ್ತವೆ. ಆದ್ದರಿಂದ ಸಾಮಾನ್ಯವಾಗಿ ಸ್ಕಾಲರ್ ಎಣಿಕೆಯೇ ಜಾಸ್ತಿ ಇರುತ್ತದೆ. ಇಬ್ಬರನ್ನು ಹೋಲಿಸುವಾಗ ಇಬ್ಬರದನ್ನೂ ಒಂದೇ ಕಡೆ ನೋಡಿ. ಒಬ್ಬರದು ಸ್ಕಾಲರ್‌ನಿಂದ, ಇನ್ನೊಬ್ಬರದು ಸ್ಕೋಪಸ್‌ನಿಂದ ತೆಗೆದರೆ ಅನ್ಯಾಯವಾಗುತ್ತದೆ.

“ನಮ್ಮಪ್ಪಗ ಲಕ್ವಾ ಹೊಡದೈತಿ. ಸೈಟೇಶನ್ ಜಾಸ್ತಿ ಇರೋ ಡಾಕ್ಟರ್ ಹತ್ರ ಒಯ್ಯಬೇಕೇನ್ರೀ?”

ದಯವಿಟ್ಟು ಬೇಡ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಆತಂಕ ಆಗುತ್ತದೆ. ಲಕ್ವಾ ಹೊಡೆದಾಗ ಪೇಪರ್ ಪಟ್ಟಿ ನೋಡುವ ಹೊತ್ತಲ್ಲ ಅದು. ರಕ್ತ ಹೆಪ್ಪುಗಟ್ಟಿ ಬಂದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಕೊಡುವ ಮೊದಲು ಮೆದುಳಿನಲ್ಲಿ ರಕ್ತಸ್ರಾವ ಆಗಿಲ್ಲ ಎಂದು ಸಿಟಿ ಸ್ಕ್ಯಾನ್ ಮಾಡಿ ನೋಡಬೇಕು. ಬಾಯಿ ಸೊಟ್ಟಾದರೆ, ಒಂದು ಕೈ ಮೇಲೆತ್ತಲು ಆಗದಿದ್ದರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ. ಸಿಟಿ ಸ್ಕ್ಯಾನ್ ಮತ್ತು ಈ ಇಂಜೆಕ್ಷನ್ ಎರಡೂ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಲಕ್ಷಣ ಶುರುವಾದ ಹೊತ್ತನ್ನು ನೆನಪಿಟ್ಟುಕೊಳ್ಳಿ, ಡಾಕ್ಟರ್ ಮೊದಲು ಕೇಳುವುದು ಅದನ್ನೇ.

ಪೇಪರ್ ಬರೆಯುವುದು ಒಂದು ಕೆಲಸ, ರೋಗಿಯನ್ನು ನೋಡುವುದು ಇನ್ನೊಂದು. ಎರಡೂ ಚೆನ್ನಾಗಿ ಮಾಡುವವರಿದ್ದಾರೆ. ಒಂದೂ ಪೇಪರ್ ಬರೆಯದೆ ಸಾವಿರಾರು ಜೀವ ಉಳಿಸಿದವರೂ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿದ್ದಾರೆ.

## ಅಂಕಿಗಳ ಲೆಕ್ಕ

“ಎಚ್-ಇಂಡೆಕ್ಸ್ ನಮಗೂ ತಿಳಿಯೋ ಹಂಗ ಹೇಳ್ರಿ”

2005ರಲ್ಲಿ ಜಾರ್ಜ್ ಹಿರ್ಷ್ ಎಂಬ ಭೌತವಿಜ್ಞಾನಿ ಈ ಅಳತೆ ಹೇಳಿದರು. ಒಬ್ಬರ ಪೇಪರ್‌ಗಳನ್ನು ಸೈಟೇಶನ್ ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಸಾಲಾಗಿ ಇಡಿ. 40, 22, 9, 6, 5, 3, 1 ಅಂತ ಇಟ್ಟುಕೊಳ್ಳಿ. ಐದನೇ ಪೇಪರಿಗೆ 5 ಸೈಟೇಶನ್ ಇದೆ. ಆರನೆಯದಕ್ಕೆ 6 ಇಲ್ಲ, ಮೂರೇ ಇದೆ. ಹಾಗಾಗಿ ಎಚ್-ಇಂಡೆಕ್ಸ್ 5. ಅಂದರೆ ಕನಿಷ್ಠ 5 ಸಲ ಉಲ್ಲೇಖವಾದ 5 ಪೇಪರ್ ಇವೆ ಎಂದರ್ಥ.

ಈಗ ಮೊದಲ ಪೇಪರಿನ 40ನ್ನು 4,000 ಮಾಡಿ ನೋಡಿ. ಎಚ್-ಇಂಡೆಕ್ಸ್ ಆಗಲೂ 5. ಒಂದೇ ಒಂದು ದೊಡ್ಡ ಕೆಲಸ ಮಾಡಿದವರನ್ನು ಈ ಅಳತೆ ಕಾಣುವುದೇ ಇಲ್ಲ. ಇನ್ನೊಂದು ವಿಷಯ. ಈ ಅಂಕಿ ಏರುತ್ತದೆ, ಇಳಿಯುವುದಿಲ್ಲ. ಸುಮ್ನೆ ಕೂತರೂ ಹಳೆಯ ಪೇಪರ್‌ಗಳಿಂದ ಏರಬಹುದು. 60 ವರ್ಷದ ಪ್ರೊಫೆಸರ್ ಮುಂದೆ 32 ವರ್ಷದ ಹುಡುಗಿಯನ್ನು ಇದರಲ್ಲಿ ತೂಗುವುದು ಸರಿಯಲ್ಲ. ಹೆರಿಗೆ, ಮಗು ಅಂತ ಎರಡು ವರ್ಷ ಲ್ಯಾಬ್ ಬಿಟ್ಟಿದ್ದ ಹೆಣ್ಣುಮಗಳ ಲೆಕ್ಕವೂ ಇದರಲ್ಲಿ ಕಡಿಮೆ ಕಾಣುತ್ತದೆ. ಈ ಅಂಕಿ ನೋಡಿ ಆರಿಸುವ ಸಂದರ್ಶನಗಳ ಹೊರಗೆ ಕಣ್ಣೊರೆಸಿಕೊಂಡು ನಿಂತವರನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬಿಡಿಸಿ ಹೇಳಿದೆ.

“ಇಂಪ್ಯಾಕ್ಟ್ ಫ್ಯಾಕ್ಟರ್ ವಿಜ್ಞಾನಿದಾ, ಜರ್ನಲ್‌ದಾ?”

ಜರ್ನಲ್‌ದು. 2024ರ ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ, ಆ ಜರ್ನಲ್‌ನಲ್ಲಿ 2022 ಮತ್ತು 2023ರಲ್ಲಿ ಬಂದ ಪೇಪರ್‌ಗಳಿಗೆ 2024ರಲ್ಲಿ ಸಿಕ್ಕ ಸೈಟೇಶನ್‌ಗಳ ಸರಾಸರಿ. ಯೂಜೀನ್ ಗಾರ್ಫೀಲ್ಡ್ ಎಂಬುವರು ಇದನ್ನು ಬೆಳೆಸಿದರು. ಸರಾಸರಿಯಲ್ಲಿ ಒಂದು ತೊಂದರೆ ಇದೆ. ಹತ್ತು ಪೇಪರ್‌ಗಳಲ್ಲಿ ಒಂದಕ್ಕೆ 90, ಉಳಿದ ಒಂಬತ್ತಕ್ಕೆ ಎಲ್ಲ ಸೇರಿ 10 ಸೈಟೇಶನ್ ಬಂದರೂ ಸರಾಸರಿ 10 ಆಗುತ್ತದೆ. ಒಬ್ಬರ ಬಯೋಡೇಟಾದಲ್ಲಿ ಜರ್ನಲ್‌ನ ಅಂಕಿಯನ್ನು ತಮ್ಮ ಅಂಕಿಯಂತೆ ಕೂಡಿಸಿ ಬರೆದಿದ್ದರೆ ಅದನ್ನು ಪಕ್ಕಕ್ಕಿಡಿ.

“ಎಷ್ಟು ಸೈಟೇಶನ್ ಇದ್ರ ಛಲೋ ವಿಜ್ಞಾನಿ ಅಂತ ಅನ್ನಬಹುದು?”

ಇಂತಿಷ್ಟು ಅಂತ ಇಲ್ಲ. ನನ್ನನ್ನು ಬಹಳ ಜನ ಒಂದು ಅಂಕಿ ಹೇಳಿ ಅಂತ ಒತ್ತಾಯಿಸುತ್ತಾರೆ. ನಾನು ಹೇಳುವುದಿಲ್ಲ. ಆಲ್ಜೈಮರ್ ಎಂಬ ಮರೆವಿನ ರೋಗದ ಬಗ್ಗೆ ಜಗತ್ತಿನ ತುಂಬ ಜನ ಕೆಲಸ ಮಾಡುತ್ತಾರೆ, ಹಾಗಾಗಿ ಉಲ್ಲೇಖ ಮಾಡುವವರೂ ಜಾಸ್ತಿ. ಜೇನುನೊಣದ ಮೆದುಳಿನ ಬಗ್ಗೆ ಕೆಲಸ ಮಾಡುವವರು ಕಡಿಮೆ. ಎಷ್ಟೇ ಅಚ್ಚುಕಟ್ಟಾದ ಕೆಲಸವಾದರೂ ಅಲ್ಲಿ ಎಣಿಕೆ ಕಡಿಮೆಯೇ.

ರಾಯಚೂರು ಜಿಲ್ಲೆಯವರಿಗೆ ಮಸ್ಕಿಯ ಶಾಸನ ಗೊತ್ತು. ಅದು 1915ರಲ್ಲಿ ಸಿಕ್ಕಿತು. ಅದಕ್ಕಿಂತ ಮೊದಲೇ ದೇಶದ ಹಲವು ಕಡೆ “ದೇವಾನಾಂಪ್ರಿಯ” ಎಂಬ ರಾಜನ ಶಾಸನಗಳು ಸಿಕ್ಕಿದ್ದವು. ಆ ರಾಜನೇ ಅಶೋಕ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಬಂಡೆ. ಅದರಲ್ಲಿ ಇರುವುದು ಕೆಲವೇ ಸಾಲು. ಪೇಪರ್‌ಗಳಲ್ಲೂ ಇಂಥ ಬಂಡೆಗಳಿವೆ. ಪಟ್ಟಿ ಎಷ್ಟು ಉದ್ದ ಇದೆ ಎಂದು ನೋಡಿದರೆ ಅವು ಕಾಣುವುದಿಲ್ಲ. ತೆರೆದು ಓದಬೇಕು.

“ಹೆಸರು ಮೊದಲಿದ್ರ ದೊಡ್ಡವ್ರಾ, ಕೊನೆಗಿದ್ರ ದೊಡ್ಡವ್ರಾ?”

ನರವಿಜ್ಞಾನದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೈಯಾರೆ ಕೆಲಸ ಮಾಡಿದವರದು. ಬಹುಪಾಲು ಅದು ಪಿಎಚ್.ಡಿ. ವಿದ್ಯಾರ್ಥಿಯ ಹೆಸರು. ಕೊನೆಯ ಹೆಸರು ಲ್ಯಾಬ್ ನಡೆಸುವವರದು. ನಡುವಿನವರು ಒಂದೊಂದು ಭಾಗಕ್ಕೆ ಕೈ ಹಾಕಿದವರು. ಗಣಿತದಲ್ಲಿ ಹೀಗಲ್ಲ, ಅಲ್ಲಿ ಹೆಸರುಗಳು ಅಕ್ಷರದ ಕ್ರಮದಲ್ಲಿ ಬರುವುದೇ ರೂಢಿ.

ದೊಡ್ಡ ಗುಂಪಿನ ಪೇಪರ್‌ಗಳನ್ನು ಬೇರೆಯಾಗಿ ನೋಡಿ. ಯಾವ ದೇಶದಲ್ಲಿ ಯಾವ ರೋಗ ಎಷ್ಟಿದೆ ಎಂದು ಲೆಕ್ಕ ಹಾಕುವ ಗ್ಲೋಬಲ್ ಬರ್ಡನ್ ಆಫ್ ಡಿಸೀಸ್ ಅಧ್ಯಯನದ ಪೇಪರ್‌ಗಳಲ್ಲಿ ನೂರಾರು ಹೆಸರು ಇರುತ್ತವೆ, ಸಾವಿರಾರು ಸೈಟೇಶನ್ ಬರುತ್ತವೆ. ಆ ಕೆಲಸ ಬೇಕಾದದ್ದೇ. ಆದರೆ ಅದರ ಪೂರ್ತಿ ಸೈಟೇಶನ್ ನೂರಾರು ಜನರ ಖಾತೆಗೂ ಒಬ್ಬೊಬ್ಬರಿಗೇ ಜಮಾ ಆಗುತ್ತದೆ. ಒಬ್ಬರ ಎಣಿಕೆ ಒಂದೇ ವರ್ಷದಲ್ಲಿ ಧುತ್ತೆಂದು ಏರಿದ್ದರೆ ಮೊದಲು ಇದನ್ನು ನೋಡಿ.

“ಪಾಟೀಲ್ ಅಂತ ಹುಡುಕಿದ್ರೆ ಸಾವಿರ ಬರ್ತಾವೆ. ನಮ್ಮ ಮೇಡಂ ಯಾರು ಅಂತ ಹೆಂಗ್ ತಿಳಿಯೋದು?”

ಇದು ನಮ್ಮ ಕಡೆಯವರದೇ ಕಷ್ಟ. ಪಾಟೀಲ, ಹಿರೇಮಠ, ಗೌಡ, ರೆಡ್ಡಿ ಮನೆಮನೆಗೂ ಇದ್ದಾರೆ. ಊರಿನ ಹೆಸರು, ತಂದೆಯ ಹೆಸರು ಒಮ್ಮೆ ಮುಂದೆ ಬರುತ್ತದೆ, ಒಮ್ಮೆ ಹಿಂದೆ. ಪಬ್‌ಮೆಡ್ ಕೊನೆಯ ಹೆಸರು ಮತ್ತು ಇನಿಶಿಯಲ್ ಹಿಡಿದು ಜೋಡಿಸುತ್ತದೆ. ಒಬ್ಬರೇ ಮೂರು ಜನ ಆಗಿ ಕಾಣಿಸುತ್ತಾರೆ, ಮೂವರು ಸೇರಿ ಒಬ್ಬರಾಗುತ್ತಾರೆ. ಮದುವೆ ನಂತರ ಹೆಸರು ಬದಲಾದರೆ ಹಳೆಯ ಪೇಪರ್‌ಗಳು ಬೇರೆ ಯಾರದೋ ಆಗಿಬಿಡುತ್ತವೆ. ಇದಕ್ಕೆ 2012ರಲ್ಲಿ ಓರ್ಕಿಡ್ ಎಂಬ 16 ಅಂಕಿಯ ಗುರುತು ಸಂಖ್ಯೆ ಬಂತು. ಪುಕ್ಕಟೆ. ಮೊದಲ ಪೇಪರ್ ಕಳಿಸುವ ಮೊದಲೇ ಮಾಡಿಸಿಕೊಳ್ಳಿ. ಹೆಸರನ್ನು ಎಲ್ಲ ಕಡೆ ಒಂದೇ ಥರ ಬರೆಯಿರಿ.

“‘ಜಗತ್ತಿನ ಟಾಪ್ 2 ಪರ್ಸೆಂಟ್ ವಿಜ್ಞಾನಿ’ ಅಂತ ಸುದ್ದಿ ಬಂದಿತ್ತು. ಇದು ಪ್ರಶಸ್ತಿನಾ?”

ಪ್ರಶಸ್ತಿ ಅಲ್ಲ, ಒಂದು ಪಟ್ಟಿ. ಸ್ಟ್ಯಾನ್‌ಫರ್ಡ್‌ನ ಜಾನ್ ಅಯೊನಿಡಿಸ್ ಮತ್ತು ಜೊತೆಗಾರರು ಸ್ಕೋಪಸ್ ಮಾಹಿತಿಯಿಂದ ಅದನ್ನು ತಯಾರಿಸುತ್ತಾರೆ. ಯಾರೂ ಅರ್ಜಿ ಹಾಕುವುದಿಲ್ಲ, ಯಾರೂ ಕೂತು ಆರಿಸುವುದೂ ಇಲ್ಲ. ಆರು ಬಗೆಯ ಸೈಟೇಶನ್ ಲೆಕ್ಕ ಸೇರಿಸಿ ಅಂಕ ಕೊಡುತ್ತಾರೆ. ಅದರಲ್ಲಿ ಎರಡು ಪಟ್ಟಿ ಇವೆ. ಒಂದು ಇಡೀ ವೃತ್ತಿಜೀವನದ್ದು, ಇನ್ನೊಂದು ಒಂದೇ ವರ್ಷದ್ದು. ಸುದ್ದಿಯಲ್ಲಿ ಯಾವುದು ಅಂತ ಸಾಮಾನ್ಯವಾಗಿ ಬರೆದಿರುವುದಿಲ್ಲ. ಅದನ್ನು ಕೇಳಿ ತಿಳಿದುಕೊಳ್ಳಿ. ಹೆಸರು ಬಂದವರಿಗೆ ಅಭಿನಂದನೆ ಹೇಳುವುದರಲ್ಲಿ ತಪ್ಪೇನಿಲ್ಲ.

## ಮೆದುಳಿನ ವಿಜ್ಞಾನದಲ್ಲೇ ಏಳುವ ಪ್ರಶ್ನೆಗಳು

“ದೊಡ್ಡ ಶೋಧಕ್ಕಿಂತ ಯಾವುದೋ ಟೆಸ್ಟ್ ಮಾಡೋ ವಿಧಾನಕ್ಕೆ ಸೈಟೇಶನ್ ಜಾಸ್ತಿ ಯಾಕೆ?”

ವಿಧಾನವನ್ನು ದಿನಾ ಬಳಸುತ್ತಾರೆ, ಅದಕ್ಕೆ. 1951ರಲ್ಲಿ ಲೌರಿ ಮತ್ತು ಜೊತೆಗಾರರು ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ ಬರೆದರು. ಅದಕ್ಕೆ 3 ಲಕ್ಷಕ್ಕೂ ಹೆಚ್ಚು ಸೈಟೇಶನ್ ಬಂದಿವೆ. ಇಲಿಯ ಮೆದುಳನ್ನು ಅರೆದು ಪ್ರೋಟೀನ್ ಅಳೆಯುವವರೆಲ್ಲ ಅದನ್ನು ನೆನೆಯುತ್ತಾ ಬಂದರು.

ನರವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖವಾದವರಲ್ಲಿ ಲಂಡನ್ನಿನ ಕಾರ್ಲ್ ಫ್ರಿಸ್ಟನ್ ಒಬ್ಬರು. ಅವರ ಎಚ್-ಇಂಡೆಕ್ಸ್ 200 ದಾಟಿದೆ. ಮೆದುಳಿನ ಸ್ಕ್ಯಾನ್‌ಗಳನ್ನು ಲೆಕ್ಕ ಹಾಕುವ ಎಸ್‌ಪಿಎಂ ಎಂಬ ಸಾಫ್ಟ್‌ವೇರ್ ಮತ್ತು ಅದರ ಹಿಂದಿನ ಗಣಿತ ಅವರಿಂದ ಬಂದದ್ದು. ಸ್ಕ್ಯಾನ್ ಮಾಡುವ ಲ್ಯಾಬ್‌ಗಳು ಅದನ್ನು ಬಳಸಿದಾಗಲೆಲ್ಲ ಒಂದು ಉಲ್ಲೇಖ ಸೇರುತ್ತದೆ. ಉಪಕರಣ ಕೊಟ್ಟವರಿಗೆ ಹೀಗೆ ಲೆಕ್ಕ ಬೆಳೆಯುವುದು ನ್ಯಾಯವೇ. ಆದರೆ ಆ ಅಂಕಿಯ ಪಕ್ಕ ಒಬ್ಬ ವೈದ್ಯನ ಅಂಕಿ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ.

“ನರಕೋಶದಲ್ಲಿ ವಿದ್ಯುತ್ ಹರಿಯುತ್ತೆ ಅಂತ ಪಿಯುಸಿ ಪುಸ್ತಕದಲ್ಲೇ ಇದೆ. ಅದನ್ನು ಕಂಡುಹಿಡಿದವರಿಗೆ ಕೋಟಿ ಸೈಟೇಶನ್ ಬಂದಿರಬೇಕಲ್ವಾ?”

ಇಲ್ಲ. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರತಂತುವಿನ ಮೇಲೆ ಕೆಲಸ ಮಾಡಿ, ಆ ವಿದ್ಯುತ್ ಸಂದೇಶ ಹೇಗೆ ಹರಿಯುತ್ತದೆ ಅಂತ 1952ರಲ್ಲಿ ಬರೆದರು. 1963ರಲ್ಲಿ ನೊಬೆಲ್ ಬಂತು. ಆದರೆ ವಿಷಯ ಪಠ್ಯಪುಸ್ತಕಕ್ಕೆ ಸೇರಿದ ಮೇಲೆ ಮೂಲ ಪೇಪರನ್ನು ಯಾರೂ ಪ್ರತಿಸಲ ನೆನೆಯುವುದಿಲ್ಲ. ಎಲ್ಲರಿಗೂ ಗೊತ್ತಿರುವುದಕ್ಕೆ ಸಾಕ್ಷಿ ಯಾಕೆ, ಅಲ್ವಾ? ತೀರಾ ದೊಡ್ಡ ಕೆಲಸಗಳ ಲೆಕ್ಕ ಹೀಗೆ ಒಂದು ಹಂತದ ಮೇಲೆ ಬೆಳೆಯಬೇಕಾದಷ್ಟು ಬೆಳೆಯುವುದಿಲ್ಲ.

“ಸೈಟೇಶನ್ ಜಾಸ್ತಿ ಇದ್ರ ಪೇಪರ್ ಖರೇನ ಇರ್ತೈತಲ್ಲ?”

ಹಾಗೇನೂ ಇಲ್ಲ. 2006ರಲ್ಲಿ ನೇಚರ್ ಜರ್ನಲ್‌ನಲ್ಲಿ ಆಲ್ಜೈಮರ್ ಬಗ್ಗೆ ಒಂದು ಪೇಪರ್ ಬಂತು. ಮೆದುಳಿನಲ್ಲಿ ಕಟ್ಟುವ ಒಂದು ಬಗೆಯ ಪ್ರೋಟೀನ್ ಗುಂಪಿನಿಂದ ಇಲಿಗಳಿಗೆ ನೆನಪು ಹೋಗುತ್ತದೆ ಎಂದು ಅದರಲ್ಲಿತ್ತು. 2,000ಕ್ಕೂ ಹೆಚ್ಚು ಸಲ ಅದನ್ನು ಉಲ್ಲೇಖ ಮಾಡಿದರು. 2022ರಲ್ಲಿ ಅದರ ಚಿತ್ರಗಳ ಬಗ್ಗೆ ಅನುಮಾನಗಳು ಹೊರಗೆ ಬಂದವು. 2024ರಲ್ಲಿ ಪೇಪರನ್ನು ಹಿಂದಕ್ಕೆ ಪಡೆದರು. ಅಲ್ಲಿಗೆ 18 ವರ್ಷ ಆಗಿತ್ತು. ಹಿಂದಕ್ಕೆ ಪಡೆದರೂ ಆ ಸೈಟೇಶನ್‌ಗಳು ಅಳಿಸಿ ಹೋಗುವುದಿಲ್ಲ, ಎಣಿಕೆಯಲ್ಲಿ ಉಳಿಯುತ್ತವೆ.

ಮನೆಯಲ್ಲಿ ಮರೆವಿನ ರೋಗದ ಅಜ್ಜ ಅಜ್ಜಿ ಇರುವವರು ಈ ಸುದ್ದಿ ಕೇಳಿ ನನ್ನ ಹತ್ತಿರ ಬಂದು ನೊಂದುಕೊಂಡಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಒಂದು ಪೇಪರ್ ಬಿತ್ತು ಅಂದರೆ ಆಲ್ಜೈಮರ್ ಸಂಶೋಧನೆ ಪೂರ್ತಿ ಬಿತ್ತು ಅಂತಲ್ಲ. ಆ ತಪ್ಪನ್ನು ಹುಡುಕಿದವರೂ ವಿಜ್ಞಾನಿಗಳೇ. ಪಬ್‌ಮೆಡ್‌ನಲ್ಲಿ ಹಿಂದಕ್ಕೆ ಪಡೆದ ಪೇಪರಿನ ಮೇಲೆ ಆ ಸೂಚನೆ ಎದ್ದು ಕಾಣುವಂತೆ ಇರುತ್ತದೆ. ಉಲ್ಲೇಖ ಮಾಡುವ ಮೊದಲು ನೋಡಿ.

“ಬರೇ ಹದಿನೈದು ಜನರ ಮ್ಯಾಲೆ ಸ್ಕ್ಯಾನ್ ಮಾಡಿ ‘ಮೆದುಳು ಹಿಂಗೇ’ ಅಂತಾರ. ನಂಬಬೇಕಾ?”

ಸಿಂಧನೂರಿನ ಒಬ್ಬ ಹೈಸ್ಕೂಲ್ ಮಾಸ್ತರರ ಪ್ರಶ್ನೆ ಇದು. ಇಡೀ ಪಟ್ಟಿಯಲ್ಲಿ ನನಗೆ ಅತಿ ಇಷ್ಟವಾದ ಪ್ರಶ್ನೆ.

ಅನುಮಾನ ಸರಿಯಾಗಿದೆ. 2013ರಲ್ಲಿ ಕ್ಯಾಥರೀನ್ ಬಟನ್ ಮತ್ತು ಜೊತೆಗಾರರು ನರವಿಜ್ಞಾನದ ಅಧ್ಯಯನಗಳನ್ನು ತೂಗಿ ನೋಡಿದರು. ನಿಜವಾಗಿ ಇರುವ ಪರಿಣಾಮವನ್ನು ಹಿಡಿಯುವ ಶಕ್ತಿ ಆ ಅಧ್ಯಯನಗಳಲ್ಲಿ ಸುಮಾರು ಶೇ. 21 ಮಾತ್ರ ಎಂದು ಕಂಡರು. ಐದು ಸಲ ಬಲೆ ಬೀಸಿದರೆ ಒಂದು ಸಲ ಮೀನು ಸಿಕ್ಕ ಹಾಗೆ. ಕಾರಣ, ಜನರ ಸಂಖ್ಯೆ ಕಡಿಮೆ. ಕಡಿಮೆ ಜನರಲ್ಲಿ ಅದೃಷ್ಟವಶಾತ್ ಏನಾದರೂ ಸಿಕ್ಕರೆ ಅದು ಇರುವುದಕ್ಕಿಂತ ದೊಡ್ಡದಾಗಿಯೂ ಕಾಣುತ್ತದೆ.

ಲೆಕ್ಕ ಸರಿಯಾಗಿ ಹಾಕದಿದ್ದರೆ ಏನಾಗುತ್ತದೆ ಅಂತ ತೋರಿಸಲು 2009ರಲ್ಲಿ ಅಮೆರಿಕದ ಕೆಲವರು ಸತ್ತ ಸಾಲ್ಮನ್ ಮೀನನ್ನು ಮೆದುಳಿನ ಚಟುವಟಿಕೆ ನೋಡುವ ಎಫ್‌ಎಂಆರ್‌ಐ ಸ್ಕ್ಯಾನ್ ಯಂತ್ರದಲ್ಲಿ ಇಟ್ಟರು. ಅದಕ್ಕೆ ಮನುಷ್ಯರ ಫೋಟೋ ತೋರಿಸಿದರು. ಸಾವಿರಾರು ಜಾಗಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿ ಬಿಟ್ಟು ಲೆಕ್ಕ ಹಾಕಿದರೆ, ಸತ್ತ ಮೀನಿನ ಮೆದುಳಲ್ಲೂ ಚಟುವಟಿಕೆ ಕಂಡಿತು. ತಿದ್ದುಪಡಿ ಮಾಡಿದಾಗ ಮಾಯವಾಯಿತು. 2020ರಲ್ಲಿ ಇನ್ನೊಂದು ಕೆಲಸ ಬಂತು. ಒಂದೇ ಸ್ಕ್ಯಾನ್ ಮಾಹಿತಿಯನ್ನು 70 ತಂಡಗಳಿಗೆ ಕೊಟ್ಟರು. ಯಾವ ಎರಡು ತಂಡಗಳೂ ಒಂದೇ ದಾರಿಯಲ್ಲಿ ಲೆಕ್ಕ ಹಾಕಲಿಲ್ಲ. ಹಲವು ಪ್ರಶ್ನೆಗಳಿಗೆ ಉತ್ತರವೂ ಬೇರೆ ಬೇರೆ ಬಂತು.

ಆದರೆ ಇದರ ಇನ್ನೊಂದು ಮುಖವೂ ಇದೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ ಫಿಟ್ಸ್ ನಿಲ್ಲಿಸಲು ಮೆದುಳಿನ ಎರಡೂ ಬದಿಯಲ್ಲಿರುವ ಹಿಪ್ಪೋಕ್ಯಾಂಪಸ್ ಎಂಬ ಭಾಗವನ್ನು ಬಹುಪಾಲು ತೆಗೆದರು. ಆಮೇಲೆ ಅವನಿಗೆ ಹೊಸ ಸಂಗತಿಗಳು ನೆನಪಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. 1957ರಲ್ಲಿ ಸ್ಕೋವಿಲ್ ಮತ್ತು ಬ್ರೆಂಡಾ ಮಿಲ್ನರ್ ಅದನ್ನು ಬರೆದರು. ಮುಖ್ಯವಾಗಿ ಒಬ್ಬನೇ ರೋಗಿಯ ಕಥೆ. ನೆನಪು ಮೆದುಳಿನಲ್ಲಿ ಎಲ್ಲಿ ಕಟ್ಟುತ್ತದೆ ಎಂಬ ತಿಳಿವಳಿಕೆ ಅಲ್ಲಿಂದ ಬದಲಾಯಿತು. ಹಾಗಾಗಿ ಎಷ್ಟು ಜನ ಎಂಬುದರ ಜೊತೆಗೆ ಪರಿಣಾಮ ಎಷ್ಟು ದೊಡ್ಡದು, ಬೇರೆಯವರು ಮತ್ತೆ ಮಾಡಿದಾಗಲೂ ಸಿಕ್ಕಿತಾ ಅಂತ ನೋಡಿ.

## ಈ ದಾರಿಗೆ ಇಳಿಯುವವರಿಗೆ

“ಮೂರೇ ದಿನದಲ್ಲಿ ಪೇಪರ್ ಹಾಕ್ತೀವಿ, ದುಡ್ಡು ಕಳಿಸಿ ಅಂತ ಮೇಲ್ ಬಂದಿದೆ”

ಕಳಿಸಬೇಡಿ. ನನ್ನ ಒಬ್ಬ ವಿದ್ಯಾರ್ಥಿನಿ ಹೀಗೆ ಮನೆಯಿಂದ ದುಡ್ಡು ತರಿಸಿ ಕಟ್ಟಿದಳು. ಪೇಪರ್ ಬಂತು, ಒಂದು ವರ್ಷದಲ್ಲಿ ಆ ಜರ್ನಲ್‌ನ ಸೈಟೇ ಮುಚ್ಚಿಹೋಯಿತು. ಅವಳ ಕೆಲಸ ನಿಜಕ್ಕೂ ಒಳ್ಳೆಯದಿತ್ತು. ಅದು ಈಗ ಎಲ್ಲೂ ಸಿಗುವುದಿಲ್ಲ.

ದುಡ್ಡು ಕೇಳಿದ ಜರ್ನಲ್ ಎಲ್ಲ ಮೋಸ ಅಂತಲ್ಲ. ಎಲ್ಲರಿಗೂ ಪುಕ್ಕಟೆ ಓದಲು ಬಿಡುವ ಒಳ್ಳೆಯ ಜರ್ನಲ್‌ಗಳೂ ಲೇಖಕರಿಂದ ಶುಲ್ಕ ತೆಗೆದುಕೊಳ್ಳುತ್ತವೆ. ನೇಚರ್ ಇದಕ್ಕೆ 2021ರಲ್ಲಿ 9,500 ಯೂರೋ ಇಟ್ಟಿತು. ಲೇಖಕರಿಂದ ಒಂದು ರೂಪಾಯಿಯೂ ಕೇಳದ ಒಳ್ಳೆಯ ಜರ್ನಲ್‌ಗಳೂ ಬೇಕಾದಷ್ಟಿವೆ. ನಿಮ್ಮ ವಿಷಯದ ಹಿರಿಯರು ಓದುವ ಜರ್ನಲ್ ಯಾವುದು ಅಂತ ಕೇಳಿ, ಅಲ್ಲಿಗೆ ಕಳಿಸಿ. ಒಳ್ಳೆಯ ಜರ್ನಲ್ ಯಾವುದು ಅಂತ ಹೇಳುತ್ತಿದ್ದ ಯುಜಿಸಿಯ ಕೇರ್ ಪಟ್ಟಿಯನ್ನೇ ನಂಬಿಕೊಂಡಿದ್ದವರು ಗಮನಿಸಿ, 2025ರಲ್ಲಿ ಅದನ್ನು ನಿಲ್ಲಿಸಿದ್ದಾರೆ. ಇನ್ನು ಮುಂದೆ ಜರ್ನಲ್ ಒಳ್ಳೆಯದಾ ಕೆಟ್ಟದ್ದಾ ಅಂತ ನಾವೇ ನೋಡಿಕೊಳ್ಳಬೇಕು.

“ಮಗಳು ನರವಿಜ್ಞಾನದಾಗ ಪಿಎಚ್.ಡಿ. ಮಾಡ್ತೀನಿ ಅಂತಾಳ. ಗೈಡ್‌ನ ಹೆಂಗ ಆರಿಸಬೇಕ್ರೀ?”

ಎಚ್-ಇಂಡೆಕ್ಸ್ ಒಂದನ್ನೇ ನೋಡಬೇಡಿ. ಅವರ ಕಳೆದ ಆರು ವರ್ಷದ ಪೇಪರ್‌ಗಳನ್ನು ತೆಗೆಯಿರಿ. ಮೊದಲ ಹೆಸರು ವಿದ್ಯಾರ್ಥಿಗಳದಾ ಅಂತ ನೋಡಿ. ಒಬ್ಬ ವಿದ್ಯಾರ್ಥಿಗೆ ಸೇರಿದ ಎಷ್ಟನೇ ವರ್ಷ ಮೊದಲ ಪೇಪರ್ ಬಂತು, ಓದು ಮುಗಿಸಿದವರು ಈಗ ಎಲ್ಲಿದ್ದಾರೆ ಎಂದು ವಿಚಾರಿಸಿ. ಹಳೆಯ ವಿದ್ಯಾರ್ಥಿ ಒಬ್ಬರಿಗೆ ಮಗಳೇ ಫೋನ್ ಮಾಡಲಿ. ಐದಾರು ವರ್ಷ ಅವಳು ದಿನಾ ನೋಡಬೇಕಾದ ಮುಖ ಅದು. ಕೆಲಸದ ಜಾಗಕ್ಕೆ ಬೆಂಗಳೂರಿನಲ್ಲೇ ನಿಮ್ಹಾನ್ಸ್, ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರ, ಎನ್‌ಸಿಬಿಎಸ್ ಎಂಬ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇವೆ. ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಒಂದು ರಾತ್ರಿಯ ದಾರಿ.

“ಪೇಪರ್ ತೆರೆದ್ರೆ ದುಡ್ಡು ಕೇಳ್ತದೆ. ಓದೋದು ಹೆಂಗೆ?”

ಮೊದಲು ಪಬ್‌ಮೆಡ್ ಸೆಂಟ್ರಲ್ ನೋಡಿ, ಪೂರ್ತಿ ಪೇಪರ್‌ಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯದವರಾದರೆ ಲೈಬ್ರರಿಯಲ್ಲಿ “ಒಂದು ದೇಶ ಒಂದು ಚಂದಾ” ಯೋಜನೆಯ ಬಗ್ಗೆ ಕೇಳಿ. 2025ರ ಜನವರಿಯಲ್ಲಿ ಶುರುವಾಯಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದ್ದಾರೆ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳಿವೆ. ಅದೂ ಇಲ್ಲದಿದ್ದರೆ ಲೇಖಕರಿಗೇ ಎರಡು ಸಾಲು ಮೇಲ್ ಬರೆಯಿರಿ. ನನ್ನ ಅನುಭವದಲ್ಲಿ ಬಹುಪಾಲು ಜನ ಖುಷಿಯಿಂದ ಕಳಿಸುತ್ತಾರೆ.

“ನಮ್ಮ ಜಿಲ್ಲೆಯ ರೋಗದ ಬಗ್ಗೆ ಬರೆದ್ರೆ ಯಾರು ಸೈಟ್ ಮಾಡ್ತಾರೆ ಮೇಡಂ?”

ಎಂ.ಡಿ. ವಿದ್ಯಾರ್ಥಿಯೊಬ್ಬ ಬೇಸರದಿಂದ ಕೇಳಿದ್ದ. ಕಡಿಮೆ ಜನ ಮಾಡಬಹುದು. ಆದರೂ ಬರೆಯಬೇಕು. ನಾವು ಬರೆಯದಿದ್ದರೆ ಬರೆಯುವವರೇ ಇಲ್ಲ.

ಕೊಪ್ಪಳ, ರಾಯಚೂರಿನ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಗಟ್ಟಲೆ ಕುಡಿದರೆ ಕೆಲವರಲ್ಲಿ ಬೆನ್ನೆಲುಬು ಬೆಳೆದು ಒಳಗಿನ ನರದ ಹುರಿಯನ್ನು ಒತ್ತುತ್ತದೆ, ಕಾಲು ಸ್ವಾಧೀನ ತಪ್ಪುತ್ತದೆ. ಭಾರತದಲ್ಲಿ ಮೂಳೆಯ ಈ ರೋಗವನ್ನು 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ವರದಿ ಮಾಡಿದರು. ಆಗ ಬಳ್ಳಾರಿಯೂ ಅದೇ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆಮೇಲೆ ಬಂದ ಎಷ್ಟೋ ನೀರಿನ ಯೋಜನೆಗಳಿಗೆ ಬುನಾದಿ ಇಂಥ ವರದಿಗಳೇ. ಸಂಡೂರಿನ ಗುಡ್ಡಗಳಲ್ಲಿ ಮ್ಯಾಂಗನೀಸ್ ಅದಿರಿದೆ. ಅದರ ದೂಳು ದೀರ್ಘ ಕಾಲ ಜಾಸ್ತಿ ಒಳಗೆ ಹೋದರೆ ಪಾರ್ಕಿನ್ಸನ್ ಥರದ ಕಾಯಿಲೆ ಬರಬಹುದು ಅಂತ 1837ರಲ್ಲೇ ಗ್ಲಾಸ್ಗೋದ ಜಾನ್ ಕೂಪರ್ ಬರೆದಿದ್ದರು. ಕೇಳಬೇಕಾದ ಪ್ರಶ್ನೆಗಳು ನಮ್ಮ ಅಂಗಳದಲ್ಲೇ ಇವೆ.

ಮನೆಮನೆಗೆ ಹೋಗಿ ಮಾಡಿದ ಕೆಲಸ ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕೆ ಡಾ. ಎಂ. ಗೌರಿದೇವಿ ಮತ್ತು ಜೊತೆಗಾರರ ಸಮೀಕ್ಷೆ ನೋಡಿ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ 1,02,557 ಜನರಲ್ಲಿ ನರರೋಗಗಳು ಎಷ್ಟಿವೆ ಎಂದು ಎಣಿಸಿದರು. 2004ರಲ್ಲಿ ಬಂದ ಆ ಪೇಪರನ್ನು ಭಾರತದ ನರರೋಗಗಳ ಬಗ್ಗೆ ಬರೆಯುವವರು ಇವತ್ತಿಗೂ ತೆರೆಯುತ್ತಾರೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮೆದುಳಿನ ಆರೋಗ್ಯವನ್ನು ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನ ಈಗ ನಡೆಯುತ್ತಿದೆ. ತುಂಗಭದ್ರೆಯ ದಂಡೆಯ ಊರುಗಳಿಗೆ ಅಂಥದೊಂದು ಬರಬೇಕು ಎಂಬುದು ನನ್ನ ಆಸೆ.

“ಅಂಕಿ ನೋಡದೆ ಆಯ್ಕೆ ಸಮಿತಿಯವರು ಮತ್ತೇನು ನೋಡಬೇಕು?”

ಇದನ್ನು ಜಗತ್ತೇ ಚರ್ಚಿಸುತ್ತಿದೆ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ವಿಜ್ಞಾನಿಗಳು, ಜರ್ನಲ್‌ನ ಅಂಕಿಯಿಂದ ಮನುಷ್ಯರನ್ನು ಅಳೆಯಬೇಡಿ ಎಂಬ ಘೋಷಣೆ ಸಿದ್ಧಮಾಡಿದರು. ಡೋರಾ ಎಂದು ಕರೆಯುತ್ತಾರೆ. 2015ರಲ್ಲಿ ಲೈಡನ್ ಪ್ರಣಾಳಿಕೆ ಎಂಬ ಇನ್ನೊಂದು ಬರಹ ಇಂಥ ಅಳತೆಗಳನ್ನು ಬಳಸಲು 10 ಸೂತ್ರ ಹೇಳಿತು. ಸ್ಥಳೀಯವಾಗಿ ಮುಖ್ಯವಾದ ಸಂಶೋಧನೆಯನ್ನು ಕಾಪಾಡಿ ಎನ್ನುವುದೂ ಅದರಲ್ಲಿ ಒಂದು. ನನ್ನನ್ನು ಸಮಿತಿಗೆ ಕರೆದಾಗ ಅಭ್ಯರ್ಥಿಗೆ ಹೇಳುತ್ತೇನೆ: ನಿಮ್ಮ ಪಟ್ಟಿಯಲ್ಲಿ ನಿಮಗೇ ಅತಿ ಪ್ರೀತಿಯ ಮೂರು ಪೇಪರ್ ಆರಿಸಿ, ಒಂದೊಂದರಲ್ಲಿ ನಿಮ್ಮ ಕೈಯ ಕೆಲಸ ಯಾವುದು ಹೇಳಿ. ಹತ್ತು ನಿಮಿಷದಲ್ಲಿ ಎಲ್ಲ ತಿಳಿಯುತ್ತದೆ.

“ಕನ್ನಡದಲ್ಲಿ ಬರೆದ್ರೆ ಲೆಕ್ಕಕ್ಕೇ ಇಲ್ವಾ?”

ಸೈಟೇಶನ್ ಎಣಿಸುವ ದೊಡ್ಡ ಪಟ್ಟಿಗಳಲ್ಲಿ ಇಂಗ್ಲಿಷಿನದೇ ಪಾರುಪತ್ಯ. ಹೊಸ ಶೋಧವನ್ನು ಅಲ್ಲಿ ಬರೆಯಲೇಬೇಕಾಗಿದೆ. ನರಕೋಶಗಳು ಬಿಡಿಬಿಡಿಯಾಗಿವೆ ಎಂದು ತೋರಿಸಿದ ಸ್ಪೇನಿನ ಕಹಾಲ್‌ಗೂ ಇದೇ ಕಷ್ಟ ಇತ್ತು. ಅವರ ಕಾಲದಲ್ಲಿ ವಿಜ್ಞಾನ ನಡೆಯುತ್ತಿದ್ದದ್ದು ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ. 1888ರಲ್ಲಿ ಅವರು ಸ್ವಂತ ದುಡ್ಡಿನಲ್ಲಿ ಸ್ಪ್ಯಾನಿಷ್ ಜರ್ನಲ್ ಶುರುಮಾಡಿದರು. ಮೊದಲ ಸಂಚಿಕೆ 60 ಪ್ರತಿ. ಹೆಚ್ಚಿನವನ್ನು ಹೊರದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು. 1889ರಲ್ಲಿ ಬರ್ಲಿನ್ನಿನ ಸಭೆಗೆ ಹೋಗಿ ಸೂಕ್ಷ್ಮದರ್ಶಕದ ಕೆಳಗೆ ತಮ್ಮ ಮಾದರಿಗಳನ್ನಿಟ್ಟು ದೊಡ್ಡವರಿಗೆ ತೋರಿಸಿದರು. 1906ರಲ್ಲಿ ನೊಬೆಲ್ ಬಂತು.

ನಾನು ಮಾಡುವುದು ಇಷ್ಟು. ಇಂಗ್ಲಿಷಿನಲ್ಲಿ ಪೇಪರ್ ಬಂದ ಮೇಲೆ ಅದರ ಸಾರವನ್ನು ಒಂದು ಪುಟ ಕನ್ನಡದಲ್ಲಿ ಬರೆದು, ಅಧ್ಯಯನಕ್ಕೆ ರಕ್ತ ಕೊಟ್ಟ, ಗಂಟೆಗಟ್ಟಲೆ ಕೂತು ಉತ್ತರ ಹೇಳಿದ ಹಳ್ಳಿಗೆ ಹೋಗಿ ಓದಿ ಹೇಳುತ್ತೇನೆ. ಆ ಪುಟವನ್ನು ಅಲ್ಲಿನ ಶಾಲೆಯಲ್ಲೂ ಆಶಾ ಕಾರ್ಯಕರ್ತೆಯ ಹತ್ತಿರವೂ ಒಂದೊಂದು ಪ್ರತಿ ಬಿಟ್ಟು ಬರುತ್ತೇನೆ.